ಮೂರು ಬಾಣದ ಮೇಲೊಂದು ಸಾಲು: ಪೈಥಾನ್ ಶೆಲ್‌ಗೆ ಪ್ರಾಂಪ್ಟ್ ಕಟ್ಟಿಕೊಂಡಿದ್ದು

ನನ್ನ ಲ್ಯಾಪ್‌ಟಾಪ್‌ನಲ್ಲಿ ದಿನವಿಡೀ ಎರಡು ಮೂರು ಪೈಥಾನ್ ಶೆಲ್ (ಆಜ್ಞೆ ಟೈಪ್ ಮಾಡಿದ ಕೂಡಲೇ ಉತ್ತರ ಕೊಡುವ ಕಿಟಕಿ) ತೆರೆದೇ ಇರುತ್ತವೆ. ಒಂದರಲ್ಲಿ ಸುಮ್ನೆ ಏನೋ ಲೆಕ್ಕ ಹಾಕುತ್ತಿರುತ್ತೇನೆ. ಇನ್ನೊಂದರಲ್ಲಿ ಜಾಂಗೋ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು) ಶೆಲ್, ಅದರ ಹಿಂದೆ ನನ್ನದೇ ಲ್ಯಾಪ್‌ಟಾಪ್‌ನ ಡೇಟಾಬೇಸ್. ಮತ್ತೊಂದೂ ಜಾಂಗೋ ಶೆಲ್ಲೇ, ಆದರೆ ಅದರ ಹಿಂದಿರುವುದು ಜನ ಬಳಸುತ್ತಿರುವ ನಿಜವಾದ ಡೇಟಾಬೇಸ್. ಮೂರರಲ್ಲೂ ಕಣ್ಣಿಗೆ ಬೀಳುವುದು ಒಂದೇ ಗುರುತು: >>>. ಡಿಲೀಟ್ ಅಂತ ಬರೆದು ಎಂಟರ್ ಒತ್ತುವ ಮುಂಚೆ, ಇದು ಯಾವ ಕಿಟಕಿ ಅನ್ನುವುದನ್ನು ನೆನಪಿನ ಮೇಲೆ ಬಿಡುವುದು ನನಗೆ ಸರಿ ಕಾಣಲಿಲ್ಲ. ಆ ಉತ್ತರವನ್ನು ಪ್ರಾಂಪ್ಟೇ, ಅಂದರೆ ಆಜ್ಞೆಗೆ ಕಾಯುವ ಆ ಗುರುತೇ, ಕೊಡಬೇಕು. ಅದಕ್ಕಾಗಿ ಮಾಡಿದ ಕೆಲಸ ಇದು.

ಪೈಥಾನ್ ಗೊತ್ತಿದ್ದವರಿಗೆ ಒಂದು ಮಾತು: ಇಲ್ಲಿ ಕೋಡಿನ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವು ಎಂದಿನ ಇಂಗ್ಲಿಷ್ ಹೆಸರುಗಳೇ.

ಶುರು ಮಾಡುವುದು ಸುಲಭ. ಶೆಲ್ ತೆರೆದು ಸಿಸ್ ಮಾಡ್ಯೂಲ್ ಇಂಪೋರ್ಟ್ ಮಾಡಿ, ಸಿಸ್.ಪಿಎಸ್1 ಅಂತ ಕೇಳಿ. '>>> ' ಅಂತ ಉತ್ತರ ಬರುತ್ತದೆ, ಕೊನೆಯ ಖಾಲಿ ಜಾಗವೂ ಸೇರಿ. ಸಿಸ್.ಪಿಎಸ್2 ಕೇಳಿದರೆ '... '. ಮೊದಲನೆಯದು ಹೊಸ ಆಜ್ಞೆಗೆ, ಎರಡನೆಯದು ಫಾರ್ ಲೂಪ್, ಫಂಕ್ಷನ್ ಇತ್ಯಾದಿ ಮುಗಿಯದೆ ಮುಂದುವರಿದಾಗ. ಲಿನಕ್ಸ್‌ನ ಆಜ್ಞೆಗಳ ಶೆಲ್ ಆದ ಬ್ಯಾಶ್ ಬಳಸುವವರಿಗೆ ಈ ಹೆಸರುಗಳು ಹೊಸದಲ್ಲ, ಅಲ್ಲೂ ಪಿಎಸ್1, ಪಿಎಸ್2 ಅಂತಲೇ ಇವೆ. ಈ ಎರಡು ವೇರಿಯಬಲ್‌ಗಳು ಶೆಲ್ ಕೂತು ಮಾತಾಡುವಾಗ ಮಾತ್ರ ಇರುತ್ತವೆ. ಸ್ಕ್ರಿಪ್ಟ್ ಓಡಿಸುವಾಗ ಕೇಳಿದರೆ ಆಟ್ರಿಬ್ಯೂಟ್ ಎರರ್. ಹಾಗಾಗಿ 'ನಾನೀಗ ಶೆಲ್‌ನಲ್ಲಿದ್ದೇನಾ' ಅಂತ ಕೋಡಿನಿಂದಲೇ ತಿಳಿಯಲು ಕೆಲವರು ಇದನ್ನೇ ನೋಡುತ್ತಾರೆ.

ಸಿಸ್.ಪಿಎಸ್1ಕ್ಕೆ ಬೇರೆ ಸ್ಟ್ರಿಂಗ್ ಕೊಟ್ಟರೆ ಮುಂದಿನ ಸಾಲಿನಿಂದಲೇ ಹೊಸ ಪ್ರಾಂಪ್ಟ್ ಬರುತ್ತದೆ. ಶೆಲ್ ಮುಚ್ಚಿದರೆ ಹೋಯಿತು. ಉಳಿಯಬೇಕಾದರೆ ಪೈಥಾನ್‌ಸ್ಟಾರ್ಟ್‌ಅಪ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಒಂದು ಫೈಲಿನ ದಾರಿ ಕೊಡಬೇಕು. ಶೆಲ್ ತನ್ನ ಮೊದಲ ಪ್ರಾಂಪ್ಟ್ ತೋರಿಸುವ ಮುಂಚೆ ಆ ಫೈಲನ್ನು ಓಡಿಸುತ್ತದೆ. ನಾನು ಹೋಮ್ ಫೋಲ್ಡರ್‌ನಲ್ಲಿ .ಪೈಥಾನ್‌ಆರ್‌ಸಿ.ಪಿವೈ ಅಂತ ಫೈಲ್ ಮಾಡಿ, .ಬ್ಯಾಶ್‌ಆರ್‌ಸಿಯಲ್ಲಿ ಎಕ್ಸ್‌ಪೋರ್ಟ್ ಸಾಲು ಹಾಕಿದೆ. ಈ ಹೆಸರನ್ನೇ ಆರಿಸಿದ್ದಕ್ಕೆ ಕಾರಣವಿದೆ, ಕೊನೆಗೆ ಹೇಳುತ್ತೇನೆ. ದಾರಿಯಲ್ಲಿ ~ ಗುರುತು ಹಾಕಿ ಅದನ್ನು ಕೋಟ್ ಒಳಗೆ ಇಟ್ಟರೆ ಬ್ಯಾಶ್ ಬಿಡಿಸುವುದಿಲ್ಲ, ಪೈಥಾನ್ ಕೂಡ ಬಿಡಿಸುವುದಿಲ್ಲ. ಪೈಥಾನ್‌ಸ್ಟಾರ್ಟ್‌ಅಪ್ ತೆರೆಯಲಾಗಲಿಲ್ಲ ಅಂತ ಶೆಲ್ ದೂರುತ್ತದೆ. $ಹೋಮ್ ಅಂತ ಬರೆದರೆ ಆ ತಾಪತ್ರಯ ಇಲ್ಲ.

ಈ ಫೈಲ್ ಎಲ್ಲ ಸಲವೂ ಓಡುವುದಿಲ್ಲ ಅನ್ನುವುದು ತಲೆಯಲ್ಲಿರಲಿ. ಪೈಥಾನ್‌ಗೆ ಸಣ್ಣ -ಐ ಕೊಟ್ಟು ಜೊತೆಗೊಂದು ಸ್ಕ್ರಿಪ್ಟ್ ಕೊಟ್ಟರೆ, ಸ್ಕ್ರಿಪ್ಟ್ ಮುಗಿದ ಮೇಲೆ ಶೆಲ್ ತೆರೆಯುತ್ತದೆ, ಆದರೆ ಸ್ಟಾರ್ಟ್‌ಅಪ್ ಫೈಲ್ ಓದುವುದಿಲ್ಲ. ದೊಡ್ಡ -ಐ ಅಥವಾ ದೊಡ್ಡ -ಇ ಕೊಟ್ಟರೆ ಪೈಥಾನ್ ಹೆಸರಿನಿಂದ ಶುರುವಾಗುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮುಂದೆ ಒಂದು ತೀರ್ಮಾನಕ್ಕೆ ಇದೇ ಕಾರಣವಾಯಿತು.

ಇನ್ನು ಪ್ರಾಂಪ್ಟ್ ಏನು ಹೇಳಬೇಕು? ಗಂಟೆ, ಗಿಟ್ ಬ್ರಾಂಚ್, ಬ್ಯಾಟರಿ ಇವೆಲ್ಲ ಹಾಕಬಹುದು. ನನಗೆ ಬೇಡ. ನನ್ನ ಕೈ ಎಂಟರ್ ಮೇಲೆ ಹೋದಾಗ ತೀರ್ಮಾನ ಬದಲಾಯಿಸಬಲ್ಲ ವಿಷಯ ಮಾತ್ರ ಅಲ್ಲಿರಬೇಕು. ಅಂಥವು ನನ್ನ ಮಟ್ಟಿಗೆ ಮೂರು. ಪೈಥಾನ್‌ನ ಯಾವ ಆವೃತ್ತಿ, ಯಾವ ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟ್‌ಗೆಂದೇ ಬೇರೆಯಾಗಿಟ್ಟ ಪೈಥಾನ್ ಮತ್ತು ಲೈಬ್ರರಿಗಳ ಫೋಲ್ಡರ್), ಯಾವ ಡೇಟಾಬೇಸ್. ಹಿಂದಿನ ಆಜ್ಞೆಗೆ ಎಷ್ಟು ಸೆಕೆಂಡು ಹಿಡಿಯಿತು ಅಂತ ತೋರಿಸುವ ಆಸೆ ತುಂಬಾ ಜನರಿಗೆ ಇರುತ್ತದೆ. ಪ್ರಾಂಪ್ಟ್‌ನಿಂದ ಅದನ್ನು ಸರಿಯಾಗಿ ಅಳೆಯಲು ಆಗುವುದಿಲ್ಲ. ಒಂದು ಪ್ರಾಂಪ್ಟ್‌ನಿಂದ ಇನ್ನೊಂದು ಪ್ರಾಂಪ್ಟ್‌ವರೆಗಿನ ಹೊತ್ತಿನಲ್ಲಿ ನೀವು ಯೋಚಿಸುತ್ತಾ ಟೈಪ್ ಮಾಡಿದ ಹೊತ್ತೂ ಸೇರಿರುತ್ತದೆ. ಸುಳ್ಳು ಅಂಕಿ ತೋರಿಸುವುದಕ್ಕಿಂತ ತೋರಿಸದಿರುವುದೇ ಮೇಲು.

ಆವೃತ್ತಿ ಸಿಸ್.ವರ್ಷನ್_ಇನ್ಫೋದಲ್ಲಿ ಸಿಗುತ್ತದೆ. ವರ್ಚುವಲ್ ಎನ್ವಿರಾನ್‌ಮೆಂಟ್ ಒಳಗಿದ್ದೇವಾ ಅಂತ ತಿಳಿಯಲು ಸಿಸ್.ಪ್ರಿಫಿಕ್ಸ್ ಮತ್ತು ಸಿಸ್.ಬೇಸ್_ಪ್ರಿಫಿಕ್ಸ್ ಬೇರೆ ಬೇರೆ ಇವೆಯಾ ನೋಡಿದರೆ ಸಾಕು. ಬೇರೆ ಇದ್ದರೆ ಪ್ರಿಫಿಕ್ಸ್‌ನ ಕೊನೆಯ ಫೋಲ್ಡರ್ ಹೆಸರೇ ಎನ್ವಿರಾನ್‌ಮೆಂಟ್‌ನ ಹೆಸರು. ಎಲ್ಲ ಪ್ರಾಜೆಕ್ಟ್‌ನಲ್ಲೂ ಆ ಫೋಲ್ಡರ್‌ಗೆ .ವೆನ್ವ್ ಅಂತಲೇ ಹೆಸರಿಡುವ ರೂಢಿ ಇರುವುದರಿಂದ ನಾನು ಅದರ ಮೇಲಿನ ಫೋಲ್ಡರ್ ಹೆಸರನ್ನೂ ಸೇರಿಸಿಕೊಂಡೆ. ಶೆಲ್ ಒಮ್ಮೆ ಶುರುವಾದ ಮೇಲೆ ಈ ಎರಡೂ ಬದಲಾಗುವುದಿಲ್ಲ. ಆದ್ದರಿಂದ ಒಂದೇ ಸಲ ಲೆಕ್ಕ ಹಾಕಿ ಇಟ್ಟುಕೊಂಡರಾಯಿತು.

ಡೇಟಾಬೇಸ್ ಹಾಗಲ್ಲ. ಸಾದಾ ಪೈಥಾನ್ ಶೆಲ್ ತೆರೆದು, ಅರ್ಧ ಗಂಟೆ ಏನೋ ಮಾಡಿ, ಆಮೇಲೆ ಸೆಟ್ಟಿಂಗ್ಸ್ ಕೊಟ್ಟು ಜಾಂಗೋ.ಸೆಟಪ್ ಕರೆಯಬಹುದು. ಆಗ ಪ್ರಾಂಪ್ಟ್ ತಾನಾಗೇ ಬದಲಾಗಬೇಕು. ಇದಕ್ಕೆ ಪೈಥಾನ್‌ನಲ್ಲಿ ಚೆಂದದ ಒಂದು ಅನುಕೂಲ ಇದೆ. ಸಿಸ್.ಪಿಎಸ್1ಕ್ಕೆ ಸ್ಟ್ರಿಂಗೇ ಕೊಡಬೇಕಂತಿಲ್ಲ. ಯಾವ ಆಬ್ಜೆಕ್ಟ್ ಬೇಕಾದರೂ ಕೊಡಬಹುದು. ಹೊಸ ಆಜ್ಞೆ ಓದಲು ತಯಾರಾಗುವಾಗಲೆಲ್ಲ ಶೆಲ್ ಅದನ್ನು ಸ್ಟ್ರಿಂಗ್ ಮಾಡಿಸಿಕೊಳ್ಳುತ್ತದೆ. ಅಂದರೆ ಒಂದು ಪುಟ್ಟ ಕ್ಲಾಸ್ ಬರೆದು, ಎರಡೆರಡು ಅಂಡರ್‌ಸ್ಕೋರ್ ನಡುವಿನ ಎಸ್‌ಟಿಆರ್ ಮೆಥಡ್‌ನಲ್ಲಿ ಬೇಕಾದ್ದನ್ನು ಕಟ್ಟಿ ಕೊಟ್ಟರೆ, ಪ್ರಾಂಪ್ಟ್‌ಗೆ ಜೀವ ಬಂದಂತೆ.

ಇಲ್ಲಿ ಒಂದು ನಿಯಮವನ್ನು ನಾನು ಬಿಡದೆ ಪಾಲಿಸುತ್ತೇನೆ: ಆ ಮೆಥಡ್ ನೋಡಿ ಹೇಳಬೇಕೇ ಹೊರತು ಏನನ್ನೂ ಬದಲಾಯಿಸಬಾರದು. ಆಜ್ಞೆಯ ಸಂಖ್ಯೆ ತೋರಿಸಲು ಅದರೊಳಗೆ ಒಂದು ಎಣಿಕೆ ಇಟ್ಟು, ಕರೆದಾಗಲೆಲ್ಲ ಒಂದು ಕೂಡಿಸುವ ಉದಾಹರಣೆ ಬೇಕಾದಷ್ಟು ಕಡೆ ಕಾಣುತ್ತದೆ. ಶೆಲ್ ಅದನ್ನು ಒಂದು ಆಜ್ಞೆಗೆ ಸರಿಯಾಗಿ ಒಂದೇ ಸಲ ಕರೆಯುತ್ತದೆ ಅಂತ ನಂಬಿಕೊಂಡ ಕೋಡು ಅದು. 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13ರಲ್ಲಿ ಶೆಲ್ಲೇ ಹೊಸದು, ಪೈಪೈ (ಪೈಥಾನ್‌ನ ಇನ್ನೊಂದು ರೂಪ) ಯೋಜನೆಯ ಕೋಡಿನ ಮೇಲೆ ಕಟ್ಟಿದ್ದು. ಅದು ಟೈಪ್ ಮಾಡುತ್ತಿರುವಾಗಲೇ ಪರದೆಯನ್ನು ಮತ್ತೆ ಬರೆಯುತ್ತಿರುತ್ತದೆ. ಎಣಿಕೆಯನ್ನು ಅದರ ಕೈಗೆ ಕೊಡುವುದು ಬೇಡ.

ಡೇಟಾಬೇಸ್ ಯಾವುದು ಅಂತ ಕಂಡುಹಿಡಿಯುವ ಭಾಗಕ್ಕೇ ನಾನು ಜಾಸ್ತಿ ಹೊತ್ತು ಕೊಟ್ಟಿದ್ದು. ಮೊದಲ ಉಪಾಯ, ಜಾಂಗೋ_ಸೆಟ್ಟಿಂಗ್ಸ್_ಮಾಡ್ಯೂಲ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಓದಿ, ಹೆಸರಿನಲ್ಲಿ ಪ್ರಾಡ್ (ಜನ ಬಳಸುವ ನಿಜವಾದದ್ದು) ಅಂತ ಇದೆಯಾ ನೋಡುವುದು. ಸುಲಭ, ಆದರೆ ಹೆಸರು ಹೇಳುವುದು ಫೈಲನ್ನು, ಡೇಟಾಬೇಸನ್ನಲ್ಲ. ಒಂದೇ ಸೆಟ್ಟಿಂಗ್ಸ್ ಫೈಲ್ ಇಟ್ಟುಕೊಂಡು ಡೇಟಾಬೇಸ್ ವಿಳಾಸವನ್ನು ಹೊರಗಿನಿಂದ ಕೊಡುವ ಪ್ರಾಜೆಕ್ಟ್‌ಗಳೇ ಈಗ ಹೆಚ್ಚು. ಅದಕ್ಕೆ ನೇರವಾಗಿ ಸೆಟ್ಟಿಂಗ್ಸ್ ಒಳಗೇ ನೋಡಬೇಕು. ಹಾಗಂತ ಪ್ರಾಂಪ್ಟ್ ಕೋಡಿನಲ್ಲಿ ಜಾಂಗೋ ಇಂಪೋರ್ಟ್ ಮಾಡುವಂತಿಲ್ಲ, ಸುಮ್ನೆ ಲೆಕ್ಕ ಹಾಕಲು ತೆರೆದ ಶೆಲ್‌ನಲ್ಲಿ ಅದು ಯಾಕೆ ಬೇಕು? ಸಿಸ್.ಮಾಡ್ಯೂಲ್ಸ್ ಅನ್ನುವ ಡಿಕ್ಷನರಿಯಲ್ಲಿ ಈಗಾಗಲೇ ಲೋಡ್ ಆದ ಮಾಡ್ಯೂಲ್‌ಗಳೆಲ್ಲ ಇರುತ್ತವೆ. ಅಲ್ಲಿ ಜಾಂಗೋ.ಕಾನ್ಫ್ ಇದೆಯಾ ಅಂತ ಕೇಳುತ್ತೇನೆ. ಇಲ್ಲದಿದ್ದರೆ ಡೇಟಾಬೇಸ್ ಮಾತೇ ಇಲ್ಲ. ಇದ್ದರೆ ಅದರ ಸೆಟ್ಟಿಂಗ್ಸ್.ಕಾನ್ಫಿಗರ್ಡ್ ನಿಜವೇ ಅಂತ ನೋಡುತ್ತೇನೆ. ಇದನ್ನು ಕೇಳದೆ ನೇರ ಒಳಗೆ ಕೈ ಹಾಕಿದರೆ ಪ್ರಾಂಪ್ಟೇ ಸೆಟ್ಟಿಂಗ್ಸ್ ಲೋಡ್ ಮಾಡಿಸಿಬಿಡುತ್ತದೆ, ಆಗ 'ನೋಡಿ ಹೇಳಬೇಕಷ್ಟೇ' ಅನ್ನುವ ನಿಯಮ ಮುರಿದಂತೆ. ಎರಡೂ ದಾಟಿದ ಮೇಲೆ ಡೇಟಾಬೇಸಸ್ ಒಳಗಿನ ಡೀಫಾಲ್ಟ್‌ನಿಂದ ನೇಮ್, ಹೋಸ್ಟ್, ಪೋರ್ಟ್ ಮೂರನ್ನೂ ತೆಗೆದುಕೊಳ್ಳುತ್ತೇನೆ.

ಹೋಸ್ಟ್ ಖಾಲಿ ಇದ್ದರೆ ಅಥವಾ ಲೋಕಲ್‌ಹೋಸ್ಟ್ ಇದ್ದರೆ ನಮ್ಮದೇ ಲ್ಯಾಪ್‌ಟಾಪ್, ಭಯವಿಲ್ಲ, ಅಂದುಕೊಳ್ಳಲು ಮನಸ್ಸಾಗುತ್ತದೆ. ಎಸ್‌ಎಸ್‌ಎಚ್ ಸುರಂಗ ಹಾಕಿದವರಿಗೆ ಇದರ ಅಪಾಯ ಗೊತ್ತು. ದೂರದ ಸರ್ವರ್‌ನ ಡೇಟಾಬೇಸನ್ನು ಸುರಂಗದ ಮೂಲಕ ನಮ್ಮ ಒಂದು ಪೋರ್ಟ್‌ಗೆ ತಂದುಕೊಂಡಾಗ, ಪೈಥಾನ್‌ಗೆ ಕಾಣುವ ಹೋಸ್ಟ್ ಲೋಕಲ್‌ಹೋಸ್ಟೇ. ನಿಜವಾದ ಡೇಟಾಬೇಸ್ ಅಲ್ಲಿ ಅತ್ಯಂತ ಸಾಧುವಾಗಿ ಕಾಣುತ್ತದೆ. ಹಾಗಾಗಿ ಅಪಾಯದ ಹೆಸರುಗಳ ಪಟ್ಟಿ ಮಾಡುವುದನ್ನು ಬಿಟ್ಟೆ. ತಿರುವಿ ಹಾಕಿದೆ: ನನ್ನ ಲ್ಯಾಪ್‌ಟಾಪ್‌ನದ್ದು ಅಂತ ನನಗೆ ಖಚಿತವಾಗಿ ಗೊತ್ತಿರುವ ಡೇಟಾಬೇಸ್‌ಗಳ ಹೆಸರು, ಹೋಸ್ಟ್, ಪೋರ್ಟ್ ಮೂರೂ ಕೂಡಿದ ಒಂದು ಸಣ್ಣ ಪಟ್ಟಿ ಇಟ್ಟೆ. ಅದರಲ್ಲಿ ಇದ್ದರೆ ಶಾಂತ. ಇಲ್ಲದ್ದು ಏನೇ ಆಗಲಿ, ಕೆಂಪು. ಹೊಸ ಪ್ರಾಜೆಕ್ಟ್ ಶುರು ಮಾಡಿದಾಗ ಪಟ್ಟಿಗೆ ಸೇರಿಸುವವರೆಗೂ ಅದು ಕೆಂಪಾಗಿ ಕಾಡುತ್ತದೆ. ಕಾಡಲಿ, ತಪ್ಪುವುದಾದರೆ ಆ ಕಡೆಗೇ ತಪ್ಪಬೇಕು.

ಈಗ ಬಣ್ಣ. ಟರ್ಮಿನಲ್‌ಗೆ ಬಣ್ಣ ಹೇಳುವುದು ಎಸ್ಕೇಪ್ ಅಕ್ಷರದಿಂದ, ಅಂದರೆ 27ನೇ ಅಕ್ಷರ. ಅದರ ನಂತರ ಚೌಕ ಕಂಸ, ಒಂದು ಸಂಖ್ಯೆ, ಕೊನೆಗೆ ಎಮ್. 31 ಅಂದರೆ ಕೆಂಪು, 32 ಹಸಿರು, 2 ಮಂಕು, 41 ಕೆಂಪು ಹಿನ್ನೆಲೆ, 0 ಅಂದರೆ ಎಲ್ಲ ಮೊದಲಿನಂತೆ. ಇಷ್ಟನ್ನು ಪ್ರಾಂಪ್ಟ್ ಸ್ಟ್ರಿಂಗ್‌ನ ಹಿಂದೆ ಮುಂದೆ ಅಂಟಿಸಿದರೆ ಬಣ್ಣ ಬಂದೇ ಬರುತ್ತದೆ. ಎಲ್ಲ ಸರಿಯಾಗಿದೆ ಅಂತಲೂ ಅನ್ನಿಸುತ್ತದೆ. ಒಂದು ಪರೀಕ್ಷೆ ಮಾಡಿ. ಟರ್ಮಿನಲ್ ಕಿಟಕಿಯನ್ನು ಸ್ವಲ್ಪ ಕಿರಿದು ಮಾಡಿ, ಒಂದು ಉದ್ದ ಸಾಲು ಟೈಪ್ ಮಾಡುತ್ತಾ ಹೋಗಿ. ಬಲತುದಿ ಇನ್ನೂ ಹತ್ತು ಹನ್ನೆರಡು ಅಕ್ಷರ ದೂರ ಇರುವಾಗಲೇ ಸಾಲು ಮುರಿಯುತ್ತದೆ, ಅಥವಾ ಮುಂದಿನ ಅಕ್ಷರಗಳು ಅದೇ ಸಾಲಿನ ಮೇಲೆಯೇ ಬಂದು ಕೂರುತ್ತವೆ. ಮೇಲಿನ ಬಾಣದ ಕೀಲಿ ಒತ್ತಿ ಹಳೆಯ ಆಜ್ಞೆ ಕರೆದರೆ ಅದರ ಬಾಲ ಅಳಿಯದೆ ಉಳಿಯುತ್ತದೆ. ಬ್ಯಾಕ್‌ಸ್ಪೇಸ್ ಎಲ್ಲಿ ಅಳಿಸುತ್ತಿದೆ ಅಂತಲೇ ಗೊತ್ತಾಗುವುದಿಲ್ಲ.

ಕಾರಣ ಇಷ್ಟೇ. ಸಾಲನ್ನು ತಿದ್ದಲು ಬಿಡುವ ಕೆಲಸ ರೀಡ್‌ಲೈನ್ ಲೈಬ್ರರಿಯದು. ಕರ್ಸರ್ ಎಲ್ಲಿದೆ ಅಂತ ಅದು ಟರ್ಮಿನಲನ್ನು ಕೇಳುವುದಿಲ್ಲ, ತಾನೇ ಲೆಕ್ಕ ಹಾಕುತ್ತದೆ. ಬಣ್ಣದ ಗುರುತುಗಳು ಪರದೆಯಲ್ಲಿ ಜಾಗ ಹಿಡಿಯುವುದಿಲ್ಲ ಅನ್ನುವುದು ಅದಕ್ಕೆ ಗೊತ್ತಿಲ್ಲ, ಅವನ್ನೂ ಅಕ್ಷರಗಳೆಂದೇ ಎಣಿಸುತ್ತದೆ. 'ಇವನ್ನು ಎಣಿಸಬೇಡ' ಅಂತ ಹೇಳಲು ಎರಡು ಕಾಣದ ಅಕ್ಷರಗಳಿವೆ. ಎಣಿಸಬಾರದ ಭಾಗ ಶುರುವಾಗುವ ಕಡೆ 1ನೇ ಅಕ್ಷರ, ಮುಗಿಯುವ ಕಡೆ 2ನೇ ಅಕ್ಷರ. ಪೈಥಾನ್ ಸ್ಟ್ರಿಂಗ್‌ನಲ್ಲಿ \001 ಮತ್ತು \002. ಬ್ಯಾಶ್‌ನ ಪಿಎಸ್1ರಲ್ಲಿ \[ ಮತ್ತು \] ಅಂತ ಹಾಕುತ್ತೇವಲ್ಲ, ಅವೂ ಒಳಗೆ ಇವೇ ಆಗುತ್ತವೆ. ಬಣ್ಣದ ಪ್ರತಿ ಗುರುತನ್ನೂ ಈ ಎರಡರ ನಡುವೆ ಇಡುವ ಒಂದು ಸಾಲಿನ ಫಂಕ್ಷನ್ ಬರೆದುಕೊಂಡೆ. ಹಾಕಿದ ಮೇಲೆ ಅದೇ ಕಿರಿದು ಕಿಟಕಿಯಲ್ಲಿ ಉದ್ದ ಸಾಲು ಸರಿಯಾಗಿ ತುದಿಯಲ್ಲಿ ಮುರಿಯಿತು. ಹೊಸ 3.13 ಶೆಲ್ ರೀಡ್‌ಲೈನ್ ಬಳಸದಿದ್ದರೂ ಈ ಎರಡು ಗುರುತುಗಳನ್ನು ಗೌರವಿಸುತ್ತದೆ.

ಆಮೇಲೆ ಕನ್ನಡ. ಕೆಂಪು ಬಣ್ಣದ ಜೊತೆಗೆ ಒಂದು ಮಾತೂ ಇರಬೇಕು ಅಂತ ನನಗೆ. ಎಲ್ಲರ ಕಣ್ಣಿಗೂ ಕೆಂಪು ಕೆಂಪಾಗಿ ಕಾಣುವುದಿಲ್ಲ. ಆ ಮಾತು ನಾನು ಮನೆಯಲ್ಲಿ ಆಡುವ ಭಾಷೆಯದೇ ಆಗಿದ್ದರೆ ಬೇಗ ತಟ್ಟುತ್ತದೆ. 'ಎಚ್ಚರ' ಅಂತ ಹಾಕಿದೆ. ಹಾಕಿದ ಕೂಡಲೇ ಕರ್ಸರ್ ಮತ್ತೆ ಜಾಗ ತಪ್ಪಿತು.

ಈ ಒಂದು ಪದವನ್ನೇ ಹತ್ತಿರದಿಂದ ನೋಡಿ. ಕಣ್ಣಿಗೆ ಮೂರು ಅಕ್ಷರ: ಎ, ಚ್ಚ, ರ. ಪೈಥಾನ್‌ನಲ್ಲಿ ಲೆನ್ ಕೇಳಿದರೆ 5 ಅನ್ನುತ್ತದೆ: ಎ, ಚ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ಇನ್ನೊಂದು ಚ, ರ. ಲಿನಕ್ಸ್‌ನ ಸಿ ಲೈಬ್ರರಿಯನ್ನು ಅಗಲ ಎಷ್ಟು ಅಂತ ಕೇಳಿದರೆ 4 ಅನ್ನುತ್ತದೆ. ವಿರಾಮ ಚಿಹ್ನೆಗೆ ಸೊನ್ನೆ, ಉಳಿದವಕ್ಕೆ ಒಂದೊಂದು. ಒತ್ತಕ್ಷರವಾಗಿ ಕೆಳಗೆ ಹೋಗಿ ಕೂತ ಚ ಕೂಡ ಆ ಲೆಕ್ಕದಲ್ಲಿ ಪೂರಾ ಒಂದು ಮನೆ, ಅಂದರೆ ಪರದೆಯಲ್ಲಿ ಒಂದು ಅಕ್ಷರದ ಜಾಗ, ಹಿಡಿಯುತ್ತದೆ. ಟರ್ಮಿನಲ್ ಅದನ್ನು ಹೇಗೆ ಬಿಡಿಸುತ್ತದೆ ಅನ್ನುವುದು ಟರ್ಮಿನಲ್ ಮತ್ತು ಫಾಂಟ್ ಮೇಲೆ ಹೋಗುತ್ತದೆ. ಕೆಲವು ಒತ್ತನ್ನು ಸರಿಯಾಗಿ ಕೆಳಗಿಟ್ಟು ಪಕ್ಕದಲ್ಲೊಂದು ಖಾಲಿ ಮನೆ ಬಿಡುತ್ತವೆ, ಕೆಲವು ಒತ್ತು ಮಾಡದೆ ಬಿಡಿಬಿಡಿಯಾಗಿ ಬರೆಯುತ್ತವೆ.

ಗುಣಿತಾಕ್ಷರಗಳದ್ದು ಇನ್ನೊಂದು ಸಂಗತಿ. ಯುನಿಕೋಡ್‌ನಲ್ಲಿ ನಮ್ಮ ಸ್ವರ ಚಿಹ್ನೆಗಳೆಲ್ಲ ಒಂದೇ ಗುಂಪಿನವಲ್ಲ. ಯುನಿಕೋಡ್‌ಡೇಟಾ ಮಾಡ್ಯೂಲ್‌ನ ಕೆಟಗರಿ ಫಂಕ್ಷನ್‌ಗೆ ಗುಡಿಸು ಕೊಟ್ಟರೆ 'ಎಮ್‌ಎನ್' ಅನ್ನುತ್ತದೆ, ಅಂದರೆ ತನ್ನದೇ ಜಾಗ ಇಲ್ಲದ ಗುರುತು. ಇಳಿ, ಕೊಂಬು ಕೊಟ್ಟರೆ 'ಎಮ್‌ಸಿ', ಜಾಗ ಹಿಡಿಯುವ ಗುರುತು. ಹೀಗಾಗಿ 'ಕಿ' ಒಂದು ಮನೆ, 'ಕಾ' ಎರಡು ಮನೆ ಅಂತ ಸಿ ಲೈಬ್ರರಿಯ ಲೆಕ್ಕ. ಒಂದೇ ಗುಣಿತದ ಸಾಲಿನಲ್ಲಿ ಕೂರುವ ಅಕ್ಷರಗಳಿಗೆ ಎರಡು ಅಗಲ! ಹೊಸ ಶೆಲ್ ತನ್ನದೇ ಲೆಕ್ಕ ಇಟ್ಟುಕೊಂಡಿದೆ, ಅದು ಇದಕ್ಕೆ ಪೂರ್ತಿ ಹೊಂದುವುದಿಲ್ಲ. ಮೂವರು ಮೂರು ಸಂಖ್ಯೆ ಹೇಳುವಾಗ ಕರ್ಸರ್ ಪಾಪ ಎಲ್ಲಿ ನಿಲ್ಲಬೇಕು?

ಗುಣಿತ, ಒತ್ತು ಎರಡೂ ಇಲ್ಲದ ಪದ ಹುಡುಕುವುದು ಒಂದು ದಾರಿ. 'ಗಣಕ' ಅಂಥದ್ದು. ಮೂರು ಅಕ್ಷರ, ಮೂರು ಕೋಡ್, ಮೂರು ಮನೆ, ಎಲ್ಲರ ಲೆಕ್ಕವೂ ಒಂದೇ. ಅದನ್ನು ಇಟ್ಟರೆ ಕರ್ಸರ್ ಸರಿಯಾಗಿ ನಿಲ್ಲುತ್ತದೆ, ಫಾಂಟ್ ಅಗಲವಾಗಿದ್ದರೆ ಅಕ್ಷರಗಳು ಒಂದಕ್ಕೊಂದು ಸ್ವಲ್ಪ ಒತ್ತಿಕೊಂಡು ಕಾಣುತ್ತವೆ ಅಷ್ಟೇ. ಆದರೆ ನನಗೆ ಬೇಕಿದ್ದದ್ದು ಎಚ್ಚರಿಸುವ ಮಾತು. ಅಗಲದ ಲೆಕ್ಕ ಸರಿಹೋಗಲಿ ಅಂತ ಹೇಳಬೇಕಾದ ಮಾತನ್ನೇ ಬದಲಾಯಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಪಿಎಸ್2 ಕೂಡ ಇದೇ ಹೊತ್ತಿಗೆ ತಕರಾರು ತೆಗೆಯಿತು. ಪಿಎಸ್1 ಮತ್ತು ಪಿಎಸ್2ರ ಅಗಲ ಒಂದೇ ಇರಬೇಕು, ಇಲ್ಲದಿದ್ದರೆ ಫಾರ್ ಸಾಲಿನ ಕೆಳಗೆ ಬರೆಯುವ ಕೋಡು ಎಡಕ್ಕೋ ಬಲಕ್ಕೋ ಸರಿದು, ಇಂಡೆಂಟ್ ಎಷ್ಟು ಕೊಟ್ಟೆ ಅಂತ ಕಣ್ಣಳತೆಗೆ ಸಿಗುವುದಿಲ್ಲ. ಪೈಥಾನ್‌ನಲ್ಲಿ ಇಂಡೆಂಟೇ ವ್ಯಾಕರಣ, ಅಲ್ವಾ. ಪಿಎಸ್1 ಪ್ರತಿ ಸಲ ಬದಲಾಗುವುದಾದರೆ ಪಿಎಸ್2 ಕೂಡ ಅದರ ಅಗಲ ನೋಡಿ ಚುಕ್ಕೆಗಳನ್ನು ಉದ್ದ ಮಾಡಬೇಕು. ಅಗಲವೇ ಖಚಿತ ಇಲ್ಲದ ಮೇಲೆ ಎಷ್ಟು ಚುಕ್ಕೆ ಹಾಕುವುದು?

ಎರಡೂ ತೊಂದರೆಯನ್ನು ಒಟ್ಟಿಗೆ ಬಿಡಿಸಿದ್ದು ಒಂದು ಹೊಸ ಸಾಲಿನ ಗುರುತು. ಹೇಳಬೇಕಾದ್ದನ್ನೆಲ್ಲ ಮೇಲಿನ ಸಾಲಿಗೆ ಕಳಿಸಿ, ನಂತರ \ಎನ್ ಹಾಕಿ, ಕೆಳಗಿನ ಸಾಲಿನಲ್ಲಿ ಹಳೆಯ '>>> ' ಹಾಗೇ ಬಿಟ್ಟೆ. ಕರ್ಸರ್ ಇರುವ ಸಾಲಿನಲ್ಲಿ ಪ್ರಾಂಪ್ಟ್‌ನ ಪಾಲು ಆ ನಾಲ್ಕು ಮನೆ ಮಾತ್ರ. ಮೇಲಿನ ಸಾಲಿನಲ್ಲಿ ಎಷ್ಟು ಒತ್ತಕ್ಷರ ಇದ್ದರೂ, ಟರ್ಮಿನಲ್ ಅದನ್ನು ಹೇಗೆ ಬಿಡಿಸಿದರೂ, ನಾನು ಟೈಪ್ ಮಾಡುವ ಜಾಗಕ್ಕೆ ಅದರ ಗಾಳಿ ಸೋಕುವುದಿಲ್ಲ. ಪಿಎಸ್2ನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ, '... ' ಕೂಡ ನಾಲ್ಕೇ ಮನೆ. ರೀಡ್‌ಲೈನ್‌ಗೂ ಹೊಸ ಶೆಲ್‌ಗೂ ಎರಡು ಸಾಲಿನ ಪ್ರಾಂಪ್ಟ್ ಅರ್ಥವಾಗುತ್ತದೆ. ಈಗ ಲೋಕಲ್ ಶೆಲ್‌ನಲ್ಲಿ ಹೀಗೆ ಕಾಣುತ್ತದೆ:

3.12 · ಅಂಗಡಿ/.ವೆನ್ವ್ · ಲೋಕಲ್
>>>

ನಿಜವಾದ ಡೇಟಾಬೇಸ್ ಇದ್ದರೆ ಮೇಲಿನ ಸಾಲು ಕೆಂಪು ಹಿನ್ನೆಲೆಯಲ್ಲಿ ಹೀಗೆ:

3.12 · ಅಂಗಡಿ/.ವೆನ್ವ್ · ಎಚ್ಚರ, ಪಟ್ಟಿಯಲ್ಲಿಲ್ಲದ ಡೇಟಾಬೇಸ್: ಅಂಗಡಿ, ಲೋಕಲ್‌ಹೋಸ್ಟ್, 6543
>>>

ಎರಡನೆಯದು ಸುರಂಗದ ಮೂಲಕ ಬಂದದ್ದು. ಹೋಸ್ಟ್ ಲೋಕಲ್ ಅಂದರೂ ಪೋರ್ಟ್ ಗುಟ್ಟು ಬಿಟ್ಟುಕೊಡುತ್ತಿದೆ.

ಪ್ರತಿ ಆಜ್ಞೆಗೂ ಪರದೆಯ ಒಂದು ಸಾಲು ಹೆಚ್ಚು ಹೋಗುತ್ತದೆ, ನಿಜ. ಲೋಕಲ್ ಇದ್ದಾಗ ಮೇಲಿನ ಸಾಲು ತೋರಿಸದಿದ್ದರೆ ಹೇಗೆ ಅಂತ ಯೋಚಿಸಿದೆ. ಆಗ ಬರೀ >>> ಕಂಡರೆ ಎರಡು ಅರ್ಥ ಬರುತ್ತದೆ: ಒಂದೋ ಎಲ್ಲ ಶಾಂತವಾಗಿದೆ, ಇಲ್ಲವೋ ನನ್ನ ಫೈಲ್ ಓಡಿಯೇ ಇಲ್ಲ. ಸಣ್ಣ -ಐ ಜೊತೆ ಸ್ಕ್ರಿಪ್ಟ್ ಕೊಟ್ಟಾಗ ಫೈಲ್ ಓಡುವುದಿಲ್ಲ ಅಂದೆನಲ್ಲ, ಅಲ್ಲಿ ನಿಜವಾದ ಡೇಟಾಬೇಸ್ ಇದ್ದರೂ ಬರೀ >>> ಬರುತ್ತದೆ. ಆದ್ದರಿಂದ ಮೇಲಿನ ಸಾಲು ಯಾವಾಗಲೂ ಇರಲೇಬೇಕು. ಲೋಕಲ್ ಇದ್ದಾಗ ಮಂಕು ಬಣ್ಣದಲ್ಲಿ, ಕಣ್ಣಿಗೆ ಅಡ್ಡ ಬರದಂತೆ. ಅದು ಕಾಣದಿದ್ದರೆ, ಕಾವಲು ಇಲ್ಲ ಅಂತ ಅರ್ಥ.

ಇನ್ನು ಕೋಡು ಮುರಿದರೆ ಏನಾಗುತ್ತದೆ? ಎಸ್‌ಟಿಆರ್ ಮೆಥಡ್‌ನೊಳಗೆ ಬೇಕೆಂದೇ ಒಂದನ್ನು ಸೊನ್ನೆಯಿಂದ ಭಾಗಿಸಿ ನೋಡಿದೆ. ರೀಡ್‌ಲೈನ್ ಬಳಸುವ ಹಳೆಯ ಶೆಲ್‌ನಲ್ಲಿ ದೋಷದ ಸುಳಿವೇ ಇಲ್ಲ, ಪ್ರಾಂಪ್ಟ್ ಖಾಲಿಯಾಗಿ ಬರುತ್ತದೆ, ಕರ್ಸರ್ ಎಡತುದಿಯಲ್ಲಿ ಸುಮ್ಮನೆ ಮಿನುಗುತ್ತಾ ಕೂರುತ್ತದೆ. ಜಾಂಗೋ ಶೆಲ್‌ನಲ್ಲಿ ಕಥೆ ಬೇರೆ. ಅದು ಪೈಥಾನ್‌ನ ಕೋಡ್ ಮಾಡ್ಯೂಲ್‌ನ ಇಂಟರಾಕ್ಟ್ ಫಂಕ್ಷನ್ ಬಳಸುತ್ತದೆ, ಅದು ಪ್ರಾಂಪ್ಟನ್ನು ಇನ್‌ಪುಟ್ ಫಂಕ್ಷನ್‌ಗೆ ಕೊಡುತ್ತದೆ. ಸ್ಟ್ರಿಂಗ್ ಮಾಡುವಾಗ ದೋಷ ಬಂದರೆ ಅದನ್ನು ಹಿಡಿಯುವವರೇ ಇಲ್ಲ, ಶೆಲ್ಲೇ ಬಿದ್ದುಹೋಗುತ್ತದೆ. ಹಾಗಾಗಿ ಮೆಥಡ್ ಪೂರ್ತಿ ಟ್ರೈ ಒಳಗಿರಬೇಕು. ದೋಷ ಬಂದಾಗ '>>> ' ಮಾತ್ರ ಕೊಟ್ಟು ಕೈತೊಳೆದುಕೊಳ್ಳಬಾರದು. ನನ್ನದರಲ್ಲಿ ಆಗ ಮೇಲಿನ ಸಾಲಿನಲ್ಲಿ ಕೆಂಪಿನಲ್ಲೇ 'ಡೇಟಾಬೇಸ್ ಯಾವುದೋ ತಿಳಿಯಲಿಲ್ಲ' ಅಂತ ಬರುತ್ತದೆ.

ದೋಷ ಬರಲು ಸೊನ್ನೆ ಭಾಗಾಕಾರವೇ ಬೇಕಿಲ್ಲ, ದಿನನಿತ್ಯದ ಒಂದು ಕಾರಣವೂ ಇದೆ. ಸ್ಟಾರ್ಟ್‌ಅಪ್ ಫೈಲ್ ಓಡುವುದು ನಾವು ಟೈಪ್ ಮಾಡುವ ಅದೇ ಹೆಸರುಗಳ ಅಂಗಳದಲ್ಲಿ. ಫೈಲಿನಲ್ಲಿ ಓಎಸ್ ಇಂಪೋರ್ಟ್ ಮಾಡಿದ್ದರೆ ಶೆಲ್‌ನಲ್ಲೂ ಓಎಸ್ ಸಿಗುತ್ತದೆ. ನಾನು ಶೆಲ್‌ನಲ್ಲಿ ಓಎಸ್ = 5 ಅಂತ ಬರೆದರೆ ಫೈಲಿನ ಓಎಸ್ ಕೂಡ 5 ಆಗುತ್ತದೆ, ಮುಂದಿನ ಪ್ರಾಂಪ್ಟ್ ಕಟ್ಟುವಾಗ ಎಡವುತ್ತದೆ. ಅಂಗಳ ಚೊಕ್ಕಟ ಇರಲಿ ಅಂತ ಫೈಲಿನ ಕೊನೆಗೆ ಡೆಲ್ ಓಎಸ್ ಹಾಕಿದರೂ ಅಷ್ಟೇ. ಪರಿಹಾರ ಸುಲಭ: ಎಲ್ಲವನ್ನೂ ಒಂದು ಫಂಕ್ಷನ್ ಒಳಗೆ ಇಡಿ. ಇಂಪೋರ್ಟ್‌ಗಳು, ಕ್ಲಾಸ್, ಪಟ್ಟಿ, ಕೊನೆಗೆ ಸಿಸ್.ಪಿಎಸ್1ಕ್ಕೆ ಆಬ್ಜೆಕ್ಟ್ ಕೊಡುವ ಸಾಲು, ಎಲ್ಲ ಅದರೊಳಗೇ. ಹೊರಗೆ ಆ ಫಂಕ್ಷನ್ ಕರೆಯುವ ಒಂದು ಸಾಲು, ಅದರ ಹೆಸರನ್ನು ಅಳಿಸುವ ಇನ್ನೊಂದು ಸಾಲು. ಒಳಗಿನ ಹೆಸರುಗಳು ಕ್ಲಾಸ್‌ನ ಮೆಥಡ್‌ಗೆ ಸಿಗುತ್ತಲೇ ಇರುತ್ತವೆ, ಶೆಲ್‌ನಿಂದ ಯಾರೂ ಮುಟ್ಟಲಾರರು.

ಆ ಫಂಕ್ಷನ್‌ನಿಂದ ಒಂದೇ ಒಂದು ವಸ್ತು ಹೊರಗೆ ಬರುತ್ತದೆ, 'ಸಾದಾ' ಅನ್ನುವ ಪುಟ್ಟ ಫಂಕ್ಷನ್. ಕರೆದರೆ ಪ್ರಾಂಪ್ಟ್ ಮೊದಲಿನ '>>> ' ಆಗುತ್ತದೆ. ಶೆಲ್‌ನಲ್ಲಿ ಮಾಡಿದ್ದನ್ನು ಕಾಪಿ ಮಾಡಿ ಡಾಕ್‌ಟೆಸ್ಟ್ (ಬರೆದಿಟ್ಟ ಉದಾಹರಣೆಯನ್ನು ಓಡಿಸಿ ಉತ್ತರ ಸರಿಯೇ ಅಂತ ನೋಡುವ ಪರೀಕ್ಷೆ) ಆಗಿ ಇಡಬೇಕಾದಾಗ ಇದು ಬೇಕು. ಡಾಕ್‌ಟೆಸ್ಟ್ ಹುಡುಕುವುದು ಆ ಮೂರು ಬಾಣವನ್ನೇ, ಮಧ್ಯೆ ನನ್ನ ಮೇಲಿನ ಸಾಲು ಬಂದರೆ ಅದನ್ನು ಹಿಂದಿನ ಆಜ್ಞೆಯ ಉತ್ತರ ಅಂದುಕೊಳ್ಳುತ್ತದೆ. ಮೇಲಿನ ಸಾಲು ಕೆಂಪಾಗಿರುವಾಗ ಕರೆದರೆ ಮಾತ್ರ 'ಸಾದಾ' ಏನೂ ಮಾಡುವುದಿಲ್ಲ, ಬೇಕೆಂದೇ ಹಾಗೆ ಬರೆದಿದ್ದೇನೆ. ಪೈಥಾನ್ 3ರಲ್ಲಿ ಕನ್ನಡದ ಹೆಸರುಗಳು ಧಾರಾಳವಾಗಿ ನಡೆಯುತ್ತವೆ, ಒತ್ತು ಗುಣಿತ ಎಲ್ಲವೂ. ನಡೆಯದಿರುವುದು ಒಂದೇ: ನಮ್ಮ ಕೀಬೋರ್ಡ್‌ಗಳು ಅರ್ಧಾಕ್ಷರ ಬಿಡಿಸಿ ತೋರಿಸಲು ನಡುವೆ ಹಾಕುವ ಕಾಣದ ಅಕ್ಷರ, ಯುನಿಕೋಡ್‌ನಲ್ಲಿ 200ಸಿ. ಹೆಸರಿನಲ್ಲಿ ಅದು ಸೇರಿಕೊಂಡರೆ 3.12ರಲ್ಲಿ ಸಿಂಟ್ಯಾಕ್ಸ್ ಎರರ್. ಪರದೆಯಲ್ಲಿ ಹೆಸರು ಸರಿಯಾಗೇ ಕಾಣುತ್ತಿರುತ್ತದೆ, ಅದಕ್ಕೇ ಹುಡುಕುವುದು ಕಷ್ಟ.

3.13ರ ಬಗ್ಗೆ ಇನ್ನೆರಡು ಮಾತು. ಆ ಶೆಲ್ ಪ್ರಾಂಪ್ಟ್‌ಗೆ ತಾನೇ ಒಂದು ಬಣ್ಣ ಹಚ್ಚುತ್ತದೆ. ನಮ್ಮ ಬಣ್ಣದ ಕೊನೆಯ 0 ಅದನ್ನೂ ಅಳಿಸುವುದರಿಂದ ಕೆಳಗಿನ >>> ಬಣ್ಣವಿಲ್ಲದೆ ಬರುತ್ತದೆ, ನನಗೆ ಅದೇ ಇಷ್ಟ. ಹಳೆಯ ಶೆಲ್ ಬೇಕಾದರೆ ಪೈಥಾನ್_ಬೇಸಿಕ್_ರೆಪ್ಲ್ = 1 ಅಂತ ಎನ್ವಿರಾನ್‌ಮೆಂಟ್‌ನಲ್ಲಿ ಕೊಟ್ಟರೆ ಸಿಗುತ್ತದೆ. ಫೈಲ್ ತಿದ್ದಿದಾಗಲೆಲ್ಲ ನಾನು ಎರಡರಲ್ಲೂ ಒಮ್ಮೆ ಓಡಿಸಿ, ಕಿರಿದು ಕಿಟಕಿಯ ಪರೀಕ್ಷೆ ಮಾಡುತ್ತೇನೆ. 3.13ರಲ್ಲಿದ್ದರೂ ಜಾಂಗೋ ಶೆಲ್ ಹೊಸ ಶೆಲ್ಲನ್ನು ಬಳಸುವುದಿಲ್ಲ, ಹಾಗಾಗಿ ಹಳೆಯದರ ಪರೀಕ್ಷೆ ಬಿಡುವಂತಿಲ್ಲ.

ಐಪೈಥಾನ್ ಅನ್ನುವ ಬೇರೆ ಶೆಲ್ ಬಳಸುವವರಿಗೆ ಇದು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಅದು ಸಿಸ್.ಪಿಎಸ್1ನ್ನು ನೋಡುವುದೇ ಇಲ್ಲ. ಅದರ ಪ್ರಾಂಪ್ಟ್ಸ್ ಕ್ಲಾಸನ್ನು ಹಿಗ್ಗಿಸಿ, ಬಣ್ಣ ಮತ್ತು ಪಠ್ಯವನ್ನು ಜೋಡಿ ಜೋಡಿಯಾಗಿ ಕೊಡಬೇಕು, ಎಣಿಸಬೇಡ ಅನ್ನುವ ಗುರುತುಗಳ ಹಂಗಿಲ್ಲ. ಡೇಟಾಬೇಸ್ ನೋಡುವ ಭಾಗ ಮಾತ್ರ ಹಾಗೇ ಎತ್ತಿ ಬಳಸಬಹುದು. ಲ್ಯಾಪ್‌ಟಾಪ್‌ನಲ್ಲಿ ಐಪೈಥಾನ್ ಇದ್ದರೆ ಜಾಂಗೋ ಶೆಲ್ ತಾನಾಗೇ ಅದನ್ನು ಆರಿಸಿಕೊಳ್ಳುತ್ತದೆ ಅನ್ನುವುದು ನೆನಪಿರಲಿ. ಸಾದಾ ಪೈಥಾನ್ ಬೇಕಾದರೆ ಶೆಲ್ ಆಜ್ಞೆಗೆ -ಐ ಪೈಥಾನ್ ಅಂತ ಕೊಡಬೇಕು.

ಕೊನೆಗೆ ಫೈಲ್ ಹೆಸರಿನ ಕಾರಣ. ಜಾಂಗೋ ಶೆಲ್ ಪೈಥಾನ್‌ಸ್ಟಾರ್ಟ್‌ಅಪ್ ಹೇಳಿದ ಫೈಲನ್ನು ಓಡಿಸುವುದಲ್ಲದೆ, ಹೋಮ್ ಫೋಲ್ಡರ್‌ನಲ್ಲಿ .ಪೈಥಾನ್‌ಆರ್‌ಸಿ.ಪಿವೈ ಇದ್ದರೆ ಅದನ್ನೂ ಓಡಿಸುತ್ತದೆ. ಸರ್ವರ್‌ಗೆ ಲಾಗಿನ್ ಆಗಿ ಶೆಲ್ ತೆರೆಯುವಾಗ ನನ್ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಅಲ್ಲಿರುವುದಿಲ್ಲ, ಸುಡೋ ಮೂಲಕ ಬೇರೆ ಯೂಸರ್ ಆದರೆ ಇದ್ದವೂ ಉದುರಿಹೋಗುತ್ತವೆ. ಆ ಯೂಸರ್‌ನ ಹೋಮ್‌ನಲ್ಲಿ ಈ ಹೆಸರಿನ ಫೈಲ್ ಇಟ್ಟರೆ ಸಾಕು, ಬೇರೇನೂ ಹೇಳಬೇಕಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ವೇರಿಯಬಲ್ ಕೂಡ ಇದೇ ಫೈಲನ್ನು ತೋರಿಸುತ್ತದೆ, ಆದರೂ ಎರಡೂ ಒಂದೇ ದಾರಿ ಆದ್ದರಿಂದ ಜಾಂಗೋ ಇದನ್ನು ಒಂದೇ ಸಲ ಓಡಿಸುತ್ತದೆ.  ಸರ್ವರ್‌ಗೆ ಕಳಿಸುವ ಪ್ರತಿಯಲ್ಲಿ ಲೋಕಲ್ ಡೇಟಾಬೇಸ್‌ಗಳ ಪಟ್ಟಿಯನ್ನು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಜಾಂಗೋ ಶೆಲ್ ತೆರೆದರೆ ಮೇಲಿನ ಸಾಲು ಯಾವಾಗಲೂ ಕೆಂಪೇ.